ಹಳೆಯ ಟೆಂಪೋ ಕೊಳ್ಳುವ ನಮ್ಮವರು

ಪುಣೆಯ ಹೋಟೆಲುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ನಮ್ಮ ಬಂಧುಗಳು ಒಂದು ದಿನ ಒಲೆಯ ಬುಡದಿಂದ ಎದ್ದು ಸ್ವಂತ ಕಾಲಿನ ಮೇಲೆ ನಿಲ್ಲಬೇಕೆಂದು ಬಯಸುವುದು ಸಹಜವಾದುದೇ ಆಗಿದೆ. ಆದರೆ ಹೊಸ ಹೋಟೆಲು ತೆರೆಯುವಷ್ಟು ಬಂಡವಾಳವು ಎಲ್ಲರಲ್ಲಿಯೂ ಇರುವುದಿಲ್ಲ. ಆಗ ಅವರ ದೃಷ್ಟಿಯು ಒಂದು ಸಣ್ಣ ಸಾಗಣೆಯ ಗಾಡಿಯ ಮೇಲೆ ನೆಡುತ್ತದೆ. ಮುಂಜಾನೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಹೋಟೆಲುಗಳಿಗೆ ತರಕಾರಿ, ಮಧ್ಯಾಹ್ನ ಅಕ್ಕಿ ಬೇಳೆ, ಸಂಜೆ ಮದುವೆಯ ಮನೆಗೆ ಅಡುಗೆಯ ಪಾತ್ರೆಗಳು. ಹೀಗೆ ಲೆಕ್ಕ ಹಾಕಿದರೆ ಸಂಬಳಕ್ಕಿಂತ ಮಿಗಿಲಾದ ಆದಾಯವು ಕಾಗದದ ಮೇಲೆ ಕಂಡೇ ಕಾಣುತ್ತದೆ. ಹೊಸ ಗಾಡಿಯ ಬೆಲೆಯು ಕೈಗೆ ಎಟುಕದು. ಆದುದರಿಂದ ಬೇರೊಬ್ಬರು ಓಡಿಸಿ ಬಿಟ್ಟ ಗಾಡಿಯನ್ನು ಕೊಳ್ಳುತ್ತಾರೆ. ಜೀವಮಾನದ ಉಳಿತಾಯವೆಲ್ಲ ಒಂದೇ ದಿನದಲ್ಲಿ ಕೈದಾಟುವ ಈ ವ್ಯವಹಾರದ ಬಗ್ಗೆ ನಾಲ್ಕು ಮಾತುಗಳನ್ನು ಆಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಮ್ಮ ಊರಿನಲ್ಲಿ ಇಂಥ ಗಾಡಿಯನ್ನು ಪಿಕಪ್ ಎನ್ನುವರು. ಪುಣೆಯಲ್ಲಿ ಅದು ಯಾವ ಕಂಪೆನಿಯದೇ ಆಗಿರಲಿ, ಟೆಂಪೋ ಎಂದೇ ಹೆಸರು. 1958ರಲ್ಲಿ ಸ್ಥಾಪಿತವಾದ ಬಜಾಜ್ ಟೆಂಪೋ ಸಂಸ್ಥೆಯು ಜರ್ಮನಿಯ ಟೆಂಪೋ ಮಾದರಿಯ ಮೂರು ಚಕ್ರದ ಗಾಡಿಗಳನ್ನು ಇಲ್ಲಿ ತಯಾರಿಸಿತು. 2005ರಲ್ಲಿ ಆ ಸಂಸ್ಥೆಯು ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತಾದರೂ ಜನರ ನಾಲಗೆಯು ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ. ಅದೇ 2005ರಲ್ಲಿ ಗಿರೀಶ್ ವಾಘ್ ಅವರ ಮುಂದಾಳುತನದಲ್ಲಿ ಪುಣೆಯಲ್ಲೇ ರೂಪುಗೊಂಡ ಟಾಟಾ ಏಸ್ ಗಾಡಿಯು ಮಾರುಕಟ್ಟೆಗೆ ಬಂದಿತು. ಜನರು ಅದನ್ನು ‘ಛೋಟಾ ಹಾಥಿ’ ಎಂದರು. ಎರಡು ಸಿಲಿಂಡರಿನ, 702 ಸಿಸಿಯ, 16 ಅಶ್ವಶಕ್ತಿಯ ಡೀಸೆಲ್ ಎಂಜಿನು. ಹೊರಲು ನಿಗದಿಯಾದ ಭಾರ 750 ಕಿಲೋ. ಇಂದು ನಮ್ಮವರು ಕಡಿಮೆ ಬೆಲೆಗೆ ಕೊಳ್ಳುವ ಹಳೆಯ ಗಾಡಿಗಳಲ್ಲಿ ಈ ಆನೆಮರಿಯದೇ ದೊಡ್ಡ ಪಾಲು. ಸ್ವಲ್ಪ ಹೆಚ್ಚು ಹಣವುಳ್ಳವರು ಮಹೀಂದ್ರ ಬೊಲೆರೊ ಪಿಕಪ್ಪಿನತ್ತ ನೋಡುವರು.

ನಮಗೆ ಪರಿಚಿತರಾದ ಕಾರ್ಕಳ ತಾಲೂಕಿನ ತರುಣರೊಬ್ಬರು ಹದಿನಾಲ್ಕು ವರ್ಷ ದೋಸೆಯ ಕಲ್ಲಿನ ಮುಂದೆ ನಿಂತು ಕೂಡಿಸಿದ ಹಣದಿಂದ ಇಂಥ ಒಂದು ಗಾಡಿಯನ್ನು ಕೊಂಡರು. ಮಾರಿದವರು ಅವರದೇ ತಾಲೂಕಿನವರು. ದೂರದ ನಂಟೂ ಇದ್ದಿತು. ನೋಡಲು ಹೋದಾಗ ಗಾಡಿಯು ಆಗಲೇ ಚಾಲೂ ಆಗಿ ನಿಂತಿದ್ದಿತು. ಚಹಾ ಕುಡಿದರು, ಊರಿನ ಸಮಾಚಾರವಾಯಿತು, ಹಣ ಎಣಿಸಿ ಕೊಟ್ಟರು. ಮೂರು ತಿಂಗಳಾಗುವಷ್ಟರಲ್ಲಿ ಕಾತ್ರಜ್ ಘಾಟಿಯ ಏರಿನಲ್ಲಿ ನೀರು ಕುದಿದು ಎಂಜಿನಿನ ಹೆಡ್ ಕೈಕೊಟ್ಟಿತು. ಬಿಚ್ಚಿ ನೋಡಿದಾಗ, ಅದನ್ನು ಹಿಂದೆ ಒಮ್ಮೆ ಬಿಚ್ಚಿ ಹೇಗೋ ಮುಚ್ಚಿದ ಗುರುತುಗಳು ಕಂಡವು. ಗಾಡಿಯು ಒಂದು ತಿಂಗಳು ಗ್ಯಾರೇಜಿನಲ್ಲಿ ನಿಂತಿತು. ಬೆಳಿಗ್ಗೆ ಐದಕ್ಕೆ ತರಕಾರಿ ಬಾರದಿದ್ದರೆ ಹೋಟೆಲಿನ ಧಣಿಗಳು ಕಾಯುವರೇ? ಮೂರು ಹೋಟೆಲುಗಳ ವರ್ತನೆಯೂ ಬೇರೆಯವರ ಪಾಲಾಯಿತು. ಆ ತರುಣರು ಮತ್ತೆ ದೋಸೆಯ ಕಲ್ಲಿನ ಮುಂದೆಯೇ ನಿಂತಿದ್ದಾರೆ.

ಮಾರಿದವರು ಮೋಸಗಾರರೆಂದು ನಾವು ಹೇಳುವುದಿಲ್ಲ. ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ನಮ್ಮವರಲ್ಲಿ ದಾಕ್ಷಿಣ್ಯವೆಂಬ ಒಂದು ಗುಣವಿದೆ. ಅಪರಿಚಿತ ವ್ಯಾಪಾರಿಯ ಮುಂದೆ ಗಾಡಿಯ ಅಡಿಗೆ ಮಲಗಿ ನೋಡುವ ಮನುಷ್ಯನೇ ಊರಿನವರ ಮುಂದೆ ಬಾನೆಟ್ ತೆಗೆಯಿರೆನ್ನಲು ನಾಚುತ್ತಾನೆ. ಪರೀಕ್ಷಿಸಿದರೆ ಅಪನಂಬಿಕೆಯಾದಂತೆ ಎಂದು ಭಾವಿಸುತ್ತಾನೆ. ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೋಡದೆ ಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲ. ಲಕ್ಷಗಟ್ಟಲೆ ಬೆಲೆಯ ಗಾಡಿಯಲ್ಲಿ ಮಾತ್ರ ಈ ಸಂಕೋಚವೇಕೆ?

‘ಯಾವ ಕಂಪೆನಿಯ ಗಾಡಿ ಹೆಚ್ಚು ಕಾಲ ಬಾಳುತ್ತದೆ?’ ಎಂಬ ಪ್ರಶ್ನೆಯನ್ನು ನಮ್ಮನ್ನು ಅನೇಕರು ಕೇಳುವುದುಂಟು. ಪ್ರಶ್ನೆಯೇ ತಪ್ಪೆಂದು ನಮ್ಮ ಅಭಿಪ್ರಾಯ. ಗಾಡಿಯು ಏನನ್ನು ಹೊತ್ತಿದೆ, ಎಷ್ಟನ್ನು ಹೊತ್ತಿದೆ ಎಂದು ಕೇಳಬೇಕು. 50 ಕಿಲೋದ 15 ಮೂಟೆ ಈರುಳ್ಳಿಯನ್ನು ಹೇರಿದರೆ 750 ಕಿಲೋ ಆಯಿತು. ಏಸ್ ಗಾಡಿಯ ನಿಗದಿಯ ಭಾರವು ಅಲ್ಲಿಗೆ ಮುಗಿಯಿತು. ಆದರೆ ಯಾರ್ಡಿನ ಬಾಗಿಲಲ್ಲಿ ನಿಂತು ನೋಡಿದರೆ ಇಪ್ಪತ್ತೈದು ಮೂಟೆಗಳಿಗೆ ಕಡಿಮೆಯಾಗಿ ಹೊರಡುವ ಗಾಡಿಯು ಅಪರೂಪ. ಹಾಗೆ ಎಂಟು ವರ್ಷ ದುಡಿದ ಗಾಡಿಯು ಹೊರಗಿನ ಬಣ್ಣದಿಂದ ಎಷ್ಟೇ ಹೊಳೆಯಲಿ, ಒಳಗೆ ಮುದಿಯಾಗಿರುತ್ತದೆ. ಅದೇ ಮಾದರಿಯ, ಅದೇ ವರ್ಷದ ಇನ್ನೊಂದು ಗಾಡಿಯು ಬ್ರೆಡ್ಡನ್ನೋ ಹಾಸಿಗೆಯ ಹತ್ತಿಯನ್ನೋ ಹೊತ್ತಿದ್ದರೆ ಇನ್ನೂ ಅನೇಕ ವರ್ಷ ಬಾಳಬಲ್ಲುದು. ಮೀನಿನ ಗಾಡಿಯಂತೂ ಪ್ರತ್ಯೇಕ ಜಾತಿ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಮಂಜುಗಡ್ಡೆಯ ಉಪ್ಪುನೀರು ವರ್ಷಗಟ್ಟಲೆ ಸೋರಿದ ಚಾಸಿಯು ಒಳಗಿನಿಂದ ತುಕ್ಕು ತಿಂದಿರುತ್ತದೆ. ಊರಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಇಲ್ಲಿಗೆ ತರುವ ಗಾಡಿಗಳಲ್ಲಿ ಇಂಥವು ಸೇರಿರುವುದುಂಟು. ಮೂಗು ಇದ್ದವರಿಗೆ ಅರ್ಧ ಸತ್ಯವು ಹಿಂದಿನ ಹಲಗೆಯ ಬಳಿಯೇ ತಿಳಿಯುವುದು.

ಭಾರದ ಕಥೆಯನ್ನು ಗಾಡಿಯೇ ಹೇಳುತ್ತದೆ. ಸಮನಾದ ನೆಲದ ಮೇಲೆ ಖಾಲಿಯಾಗಿ ನಿಲ್ಲಿಸಿ ಹಿಂದಿನಿಂದ ನೋಡಬೇಕು: ಒಂದು ಪಕ್ಕವು ತಗ್ಗಿದ್ದರೆ, ಪಾಟಾ ಎಂದು ಇಲ್ಲಿನ ಗ್ಯಾರೇಜುಗಳಲ್ಲಿ ಕರೆಯುವ ಸ್ಪ್ರಿಂಗಿನ ಪಟ್ಟಿಗಳು ಸೋತಿವೆ ಎಂದರ್ಥ. ಕಂಪೆನಿಯು ಕೊಟ್ಟುದಕ್ಕಿಂತ ಹೆಚ್ಚಿನ ಪಟ್ಟಿಗಳನ್ನು ಸೇರಿಸಿದ್ದರೆ ಮಾಲೀಕರು ಬುದ್ಧಿವಂತರೆಂದು ತಿಳಿಯಬಾರದು. ಮಿತಿ ಮೀರಿ ಹೇರಿದ್ದಕ್ಕೆ ಅದೇ ಸಾಕ್ಷಿ. ಬಳಿಕ ಟಾರ್ಚು ಹಿಡಿದು ಅಡಿಗೆ ಹೋಗಿ ಚಾಸಿಯ ಅಡ್ಡಪಟ್ಟಿಗಳು ಕೂಡುವ ಮೂಲೆಗಳನ್ನು ನೋಡಬೇಕು. ಬಿರುಕು, ಬೆಸುಗೆಯ ತೇಪೆ ಇದ್ದಲ್ಲಿ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬೇಕೆಂದು ನಾವು ಹೇಳುತ್ತೇವೆ. ಎಂಜಿನನ್ನು ಬದಲಿಸಬಹುದು, ಗೇರಿನ ಪೆಟ್ಟಿಗೆಯನ್ನೂ ಬದಲಿಸಬಹುದು. ಬೆನ್ನೆಲುಬು ಮುರಿದ ಗಾಡಿಗೆ ಔಷಧವಿಲ್ಲ. ಅಡಿಭಾಗಕ್ಕೆಲ್ಲ ಹೊಚ್ಚ ಹೊಸ ಕರಿ ಬಣ್ಣ ಬಳಿದಿದ್ದರೆ, ಏನನ್ನು ಮುಚ್ಚಲು ಬಳಿದರೆಂದು ಕೇಳಲು ಸಂಕೋಚಪಡಬಾರದು.

ಎಂಜಿನನ್ನು ನೋಡುವುದಾದರೆ ಅದು ತಣ್ಣಗಿರುವಾಗಲೇ ನೋಡಬೇಕು. ಮುಂಜಾನೆ ಆರಕ್ಕೆ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೆಂದು ಖಾತ್ರಿಯಾದ ಮೇಲೆ ಚಾಲೂ ಮಾಡಿಸಬೇಕು. ಏಸ್ ಗಾಡಿಯಲ್ಲಿ ಎಂಜಿನಿರುವುದು ಸೀಟಿನ ಅಡಿಯಲ್ಲಿ; ಸೀಟನ್ನು ಎತ್ತಿ ನೋಡುವುದಕ್ಕೆ ನಾಚಿಕೆ ಬೇಡ. ಸವೆದ ಎಂಜಿನು ಬೆಚ್ಚಗಿದ್ದಾಗ ಸಾಧುವಾಗಿ ನಡೆಯುತ್ತದೆ, ತಣ್ಣಗಿದ್ದಾಗ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ. ಎಂಜಿನು ಕಾದ ಮೇಲೂ ಬಿಳಿ ಹೊಗೆಯು ನಿಲ್ಲದಿದ್ದರೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ, ಹೆಡ್ಡಿನ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. ಆಯಿಲು ಹಾಕುವ ಮುಚ್ಚಳವನ್ನು ತೆರೆದಾಗ ಬುಸುಬುಸನೆ ಹೊಗೆ ಉಗುಳಿದರೆ ಪಿಸ್ಟನ್ನಿನ ರಿಂಗುಗಳು ಸೋತಿವೆ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂಜಿನು ತಣ್ಣಗಿರುವಾಗಲೇ ತೆರೆಯಬೇಕು; ಕಾದಾಗ ತೆರೆದು ಮುಖ ಸುಟ್ಟುಕೊಂಡವರಿದ್ದಾರೆ. ಒಳಗೆ ಬಣ್ಣದ ಕೂಲೆಂಟಿನ ಬದಲು ತುಕ್ಕಿನ ಕೆಂಪು ನೀರು ಕಂಡರೆ ಆ ಗಾಡಿಗೆ ಬೋರ್‌ವೆಲ್ಲಿನ ನೀರನ್ನೇ ಕುಡಿಸಿದ್ದಾರೆ. ನಮ್ಮ ತರುಣರ ಗಾಡಿಯಲ್ಲಿ ಇದ್ದುದು ಅದೇ ನೀರು. ಎರಡು ಸಿಲಿಂಡರಿನ ಎಂಜಿನು ನಡುಗುವುದು ಅದರ ಸ್ವಭಾವ. ಆದರೆ ಗೇರಿನ ಕೋಲು ಕೈಯಲ್ಲಿ ನಿಲ್ಲದಷ್ಟು ಕುಣಿದರೆ ‘ಇವೆಲ್ಲ ಹೀಗೆಯೇ’ ಎಂಬ ಸಮಾಧಾನವನ್ನು ಒಪ್ಪಬಾರದು. ಎಂಜಿನನ್ನು ಹಿಡಿದ ರಬ್ಬರುಗಳು ಹೋಗಿರುತ್ತವೆ.

ಕ್ಲಚ್ಚಿನ ಪರೀಕ್ಷೆಯು ಸುಲಭವಾದುದು. ಹ್ಯಾಂಡ್‌ಬ್ರೇಕ್ ಎಳೆದು ಮೂರನೆಯ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಟ್ಟರೆ ಎಂಜಿನು ನಿಂತುಬಿಡಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ಮುಗಿದಿದೆ. ಮುಂದಿನ ಟೈರುಗಳು ಒಂದೇ ಅಂಚಿನಲ್ಲಿ ಸವೆದಿದ್ದರೆ ಕಿಂಗ್ ಪಿನ್ನುಗಳನ್ನು ನೋಡಿಸಬೇಕು. ಇವೆಲ್ಲ ದುರಸ್ತಿಯಾಗುವಂಥವು, ಬೆಲೆಯಲ್ಲಿ ಇಳಿಸಿಕೊಂಡರೆ ಸಾಕು. ಕಿಲೋಮೀಟರಿನ ಅಂಕಿಯನ್ನಂತೂ ನಂಬಲೇಬಾರದು. ದಿನಕ್ಕೆ 40 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದರೂ ಎಂಟು ವರ್ಷಕ್ಕೆ 96,000 ಆಗುತ್ತದೆ. ಮೀಟರು 45,000 ತೋರಿಸುತ್ತಿದ್ದು, ಬ್ರೇಕಿನ ಪೆಡಲಿನ ರಬ್ಬರು ಕಬ್ಬಿಣ ಕಾಣುವಷ್ಟು ಸವೆದಿದ್ದರೆ, ರಬ್ಬರಿನ ಮಾತನ್ನೇ ನಂಬಬೇಕು.

ಹಳೆಯದೆಂದರೆ ಎಷ್ಟು ಹಳೆಯದು ಎಂಬುದೂ ವಿಚಾರಿಸತಕ್ಕದ್ದು. ಮೊದಮೊದಲಿನ ಏಸ್ ಗಾಡಿಗಳ ಯಂತ್ರವು ಸರಳವಾದುದು. ರಸ್ತೆಬದಿಯ ಯಾವ ಮೆಕ್ಯಾನಿಕನಾದರೂ ಬಿಚ್ಚಿ ಜೋಡಿಸಬಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮವು ಜಾರಿಗೆ ಬಂದ ಮೇಲಿನ ಡೀಸೆಲ್ ಗಾಡಿಗಳ ಹೊಗೆಯು ಶುದ್ಧವಾದುದು ನಿಜ. ಆದರೆ ರೋಗವನ್ನು ಗುರುತಿಸಲು ಕಂಪ್ಯೂಟರು ಬೇಕು, ಮಸಿಯನ್ನು ಹಿಡಿದಿಡುವ ಫಿಲ್ಟರಿರುವ ಗಾಡಿಯು ದಿನವಿಡೀ ಡೆಕ್ಕನ್ನಿನಿಂದ ಕ್ಯಾಂಪಿಗೆ ನಿಂತು ನಿಂತು ಓಡಿದರೆ ಆ ಫಿಲ್ಟರು ಕಟ್ಟಿಕೊಳ್ಳುತ್ತದೆ. ಸಿಎನ್‌ಜಿ ಗಾಡಿಯಾದರೆ ಮೂರು ವರ್ಷಕ್ಕೊಮ್ಮೆ ಆಗಬೇಕಾದ ಸಿಲಿಂಡರಿನ ಪರೀಕ್ಷೆಯ ಪತ್ರವನ್ನು ಕೇಳಿ ನೋಡಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಇರುವ ಫಿಟ್‌ನೆಸ್ ತಪಾಸಣೆಯು ಬಳಿಕ ಪ್ರತಿ ವರ್ಷವೂ ಬರುತ್ತದೆ. 15 ವರ್ಷ ದಾಟಿದ ಗಾಡಿಗಳ ತಪಾಸಣೆಯ ಶುಲ್ಕವಂತೂ 2022ರ ಏಪ್ರಿಲಿನಿಂದ ಬಹಳ ಏರಿತು. ಹೀಗಿರಲು ಮೂರು ಲಕ್ಷ ಉಳಿಸಿದವರು ಮೂರು ಲಕ್ಷದ ಗಾಡಿಯನ್ನು ಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ಎರಡು ಲಕ್ಷದ್ದನ್ನು ಕೊಂಡು ಒಂದು ಲಕ್ಷವನ್ನು ಮೊದಲ ವರ್ಷದ ದುರಸ್ತಿಗೆಂದು ಮುಟ್ಟದೆ ಇಡಲಿ.

ಇನ್ನು ಕಾಗದಪತ್ರಗಳ ವಿಷಯ. ಇಲ್ಲಿ ನಮ್ಮ ಗುಮಾಸ್ತ ಬಂಧುಗಳಿಗೂ ಒಂದು ಮಾತಿದೆ. ಹೋಟೆಲಿನ ಮಿತ್ರರು ಗಾಡಿ ಕೊಳ್ಳುವಾಗ ಸಾಲಕ್ಕೆ ಜಾಮೀನು ನಿಲ್ಲುವವರು ಅನೇಕ ವೇಳೆ ಇವರೇ. ಸಹಿ ಹಾಕುವುದಕ್ಕೆ ಮುಂಚೆ ಅರ್ಧ ದಿನ ರಜೆ ಹಾಕಿ ಪತ್ರಗಳನ್ನು ಓದಿ ಕೊಡುವುದು ಜಾಮೀನಿಗಿಂತ ದೊಡ್ಡ ಉಪಕಾರ. ಮೋಟಾರು ವಾಹನ ಅಧಿನಿಯಮದಂತೆ ಮಾರಿದವರು 14 ದಿನಗಳೊಳಗೂ ಕೊಂಡವರು 30 ದಿನಗಳೊಳಗೂ ಸಾರಿಗೆ ಕಚೇರಿಗೆ ತಿಳಿಸಬೇಕು. ನಮೂನೆ 29 ಮತ್ತು 30 ಇದಕ್ಕೇ ಇವೆ. ಗಾಡಿಯ ಮೇಲೆ ಹಳೆಯ ಸಾಲವಿದ್ದರೆ ಅದು ತೀರಿತೆಂಬ ನಮೂನೆ 35 ಬೇಕು. ಉಡುಪಿಯ ಕೆಎ 20 ಗಾಡಿಯನ್ನು ಇಲ್ಲಿಗೆ ತಂದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇರಿಸುವುದಾದರೆ ಇಲ್ಲಿನ ನಂಬರು ಪಡೆಯಬೇಕು, ತೆರಿಗೆಯೂ ಬೀಳುತ್ತದೆ. ಬೆಲೆ ನಿಶ್ಚಯಿಸುವಾಗ ಈ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯುವವರನ್ನು ನಾವು ಅಧಿಕವಾಗಿ ಕಂಡಿಲ್ಲ. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಅವರಲ್ಲಿ ಅಧಿಕೃತ ಪತ್ರವಿದೆಯೇ ಎಂದು ಕೇಳಬಹುದು.

‘ಹೆಸರು ಬದಲಾವಣೆ ನಿಧಾನವಾಗಿ ಮಾಡೋಣ’ ಎಂಬ ಊರಿನವರ ಸೌಜನ್ಯವು ಮಾರಿದವರಿಗೂ ಅಪಾಯಕರವಾದುದು. ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿದ್ದ ವಾಹನವೊಂದು 2009ರಲ್ಲಿ ಅಪಘಾತ ಮಾಡಿತು. ದಾಖಲೆಯಲ್ಲಿ ಇದ್ದುದು ಮೊದಲನೆಯವರ ಹೆಸರೇ. ಅವರೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಗಾಡಿಯನ್ನು ಮಾರಿ ಹಣವನ್ನು ಊರಿನ ಮನೆಗೆ ಹಾಕಿ ನೆಮ್ಮದಿಯಿಂದ ಕುಳಿತವರ ಬಾಗಿಲಿಗೆ ಎರಡು ವರ್ಷಗಳ ಬಳಿಕ ನ್ಯಾಯಾಲಯದ ಕಾಗದವು ಬಂದರೆ, ಆಗ ಆ ನಂಟು ಎಲ್ಲಿ ಉಳಿಯುತ್ತದೆ?

ದೋಸೆಯ ಕಲ್ಲಿಗೆ ಮರಳಿದ ತರುಣರ ವಿಚಾರವನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ಅವರು ಎದೆಗುಂದಿಲ್ಲ. ದುರಸ್ತಿಯಾದ ಗಾಡಿಯನ್ನು, ಅದರ ದೋಷವನ್ನೆಲ್ಲ ಬಾಯಿಬಿಟ್ಟು ಹೇಳಿಯೇ, ನಷ್ಟಕ್ಕೆ ಮಾರಿದರು. ಹೆಸರು ಬದಲಾವಣೆಯನ್ನು ಅದೇ ವಾರ ಮುಗಿಸಿದರು. ಈಗ ಮತ್ತೆ ಗಾಡಿ ನೋಡುತ್ತಿದ್ದಾರೆ. ಜತೆಗೆ ಒಂದು ದಿನದ ಕೂಲಿ ಕೊಟ್ಟು ಗ್ಯಾರೇಜಿನವರೊಬ್ಬರನ್ನೂ, ಕಚೇರಿಯಲ್ಲಿ ಕೆಲಸ ಮಾಡುವ ನೆರೆಮನೆಯ ಗೆಳೆಯರನ್ನೂ ಕರೆದೊಯ್ಯುತ್ತಾರೆ. ಮೊದಲನೆಯ ಗಾಡಿಯ ಚಾಸಿಯಲ್ಲಿ ಬೆಸುಗೆ ಇದ್ದಿತು. ಎರಡನೆಯದನ್ನು ನೋಡಲು ಹೋದಾಗ ಬೆಳಿಗ್ಗೆ ಆರಕ್ಕೇ ಅದರ ಬಾನೆಟ್ಟು ಬಿಸಿಯಾಗಿದ್ದಿತು. ಚಹಾವನ್ನೂ ಕುಡಿಯದೆ ಹಿಂದಿರುಗಿದರಂತೆ. ಮೂರನೆಯದು ಹಡಪಸರದಲ್ಲಿದೆ, ಬೇಕರಿಯೊಂದರ ಗಾಡಿ. ಅದನ್ನು ಈ ಭಾನುವಾರ ನೋಡಲಿದ್ದಾರೆ.