ಕಥೆಯ ಜೊತೆಗೆ ವಿಷಯ ಪುಸ್ತಕವೂ ಇರಲಿ

ಮಕ್ಕಳು ಗಟ್ಟಿಯಾಗಿ ಓದುವುದನ್ನು ಕೇಳುವಾಗ ಹಿರಿಯರಿಗಾಗುವ ಸಂತೋಷ ಅಷ್ಟಿಷ್ಟಲ್ಲ. ಒತ್ತಕ್ಷರಗಳಲ್ಲಿ ಎಡವದೆ ಪುಟವೊಂದನ್ನು ಓದಿ ಮುಗಿಸಿದ ಮಗುವಿನ ಬೆನ್ನು ತಟ್ಟಿ ‘ಭೇಷ್’ ಎನ್ನುತ್ತೇವೆ. ಆದರೆ ಓದಿದ್ದು ಅರ್ಥವಾಯಿತೇ ಎಂದು ವಿಚಾರಿಸುವವರು ನಮ್ಮಲ್ಲಿ ಎಷ್ಟು ಮಂದಿ?

ಈ ತಪ್ಪನ್ನು ನಾನೂ ಮಾಡಿದವನೇ. ನಾಲ್ಕನೆಯ ತರಗತಿಯಲ್ಲಿರುವ ನನ್ನ ಮೊಮ್ಮಗ ಕಥೆಯ ಪುಸ್ತಕ ಹಿಡಿದರೆ ಮುಗಿಯುವವರೆಗೆ ಕೆಳಗಿಡುವವನಲ್ಲ. ಒಂದು ಸಂಜೆ ರೇಷ್ಮೆಹುಳುವನ್ನು ಕುರಿತ ಪುಟವೊಂದನ್ನು ನಿರರ್ಗಳವಾಗಿ ಓದಿದನು. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ ಎಂಬ ಮಾತು ಅದರಲ್ಲಿತ್ತು. ‘ಪೊರೆ ಕಳಚುವುದು ಎಂದರೇನಪ್ಪ?’ ಎಂದು ಕೇಳಿದೆ. ಅವನು ತಲೆ ತಗ್ಗಿಸಿ, ‘ಗೊತ್ತಿಲ್ಲ ತಾತ, ನಾನು ದಡ್ಡ’ ಎಂದನು. ಆ ಮಾತು ನನ್ನ ಮನಸ್ಸನ್ನು ಚುಚ್ಚಿತು. ಒಂಬತ್ತು ವರ್ಷದ ಮಗು ತನ್ನನ್ನು ತಾನೇ ದಡ್ಡನೆಂದುಕೊಂಡರೆ ಅದರ ಹೊಣೆ ಯಾರದು?

ದಡ್ಡತನ ಅವನದಲ್ಲ. ಕಥೆಯ ಓದೇ ಬೇರೆ, ವಿಷಯದ ಓದೇ ಬೇರೆ. ಕಥೆಯಲ್ಲಿ ಒಬ್ಬ ನಾಯಕನಿರುತ್ತಾನೆ. ಮುಂದೇನಾಯಿತು ಎಂಬ ಕುತೂಹಲವೇ ಮಗುವನ್ನು ಕೈ ಹಿಡಿದು ನಡೆಸುತ್ತದೆ. ವಿಷಯ ಪುಸ್ತಕದಲ್ಲಿ ಆ ಆಸರೆಯಿಲ್ಲ. ಅಲ್ಲಿ ಹೊಸ ಪದಗಳು, ಕಾರಣ ಮತ್ತು ಪರಿಣಾಮ, ವಿಭಾಗಗಳು, ಚಿತ್ರದ ಕೆಳಗಿನ ವಿವರಣೆ ಇರುತ್ತವೆ. ಇವನ್ನು ಓದುವ ಕ್ರಮವನ್ನು ಯಾರಾದರೂ ಕಲಿಸಿಕೊಡಬೇಕು.

ಅಮೆರಿಕದ ಶಿಕ್ಷಣ ತಜ್ಞೆ ಜೀನ್ ಚಾಲ್ ಅವರು, ಮೊದಲ ಮೂರು ತರಗತಿಗಳಲ್ಲಿ ಮಕ್ಕಳು ಓದಲು ಕಲಿಯುತ್ತಾರೆ, ನಾಲ್ಕನೆಯದರಿಂದ ಓದಿ ಕಲಿಯತೊಡಗುತ್ತಾರೆ ಎಂದು ವಿವರಿಸಿದ್ದರು. ಅದುವರೆಗೆ ಚೆನ್ನಾಗಿ ಓದುತ್ತಿದ್ದ ಕೆಲವು ಮಕ್ಕಳು ಹಿಂದೆ ಬೀಳುವುದು ಈ ತಿರುವಿನಲ್ಲಿಯೇ. ಅದೇ ದೇಶದ ನೆಲ್ ಡ್ಯೂಕ್ ಎಂಬ ಸಂಶೋಧಕಿ 20 ಒಂದನೆಯ ತರಗತಿಗಳಲ್ಲಿ ಕುಳಿತು ನೋಡಿ, 2000ದಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮಾಹಿತಿಯ ಬರಹಗಳಿಗೆ ಅಲ್ಲಿ ದೊರೆಯುತ್ತಿದ್ದ ಕಾಲ ದಿನಕ್ಕೆ ಸರಾಸರಿ 3.6 ನಿಮಿಷ ಮಾತ್ರ! ಬಿತ್ತದ ಹೊಲದಲ್ಲಿ ಬೆಳೆ ಎಲ್ಲಿಂದ ಬಂದೀತು?

ಇನ್ನೊಂದು ಪ್ರಯೋಗವೂ ಗಮನಾರ್ಹ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ವಿದ್ವಾಂಸರು ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟವನ್ನು ಅರಿಯದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ವಿಷಯದ ಅರಿವೇ ಓದಿಗೆ ಬೆಳಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಮನೆಯಲ್ಲಿಯೂ ಆದದ್ದು ಅದೇ. ಒಳಗಿನಿಂದ ಅವನ ಅಜ್ಜಿ, ‘ಅಯ್ಯೋ ಮಗ, ಅದು ಹುಳ ಜ್ವರಕ್ಕೆ ಕೂರೋದಲ್ವೇನೋ!’ ಎಂದಳು. ಅವಳ ತವರು ರೇಷ್ಮೆ ಸಾಕುತ್ತಿದ್ದ ಮನೆ. ಮೈ ಬೆಳೆದಂತೆ ಹೊರಚರ್ಮ ಬೆಳೆಯದಿರುವುದರಿಂದ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಮೇಲೆತ್ತಿ, ಸುಮಾರು ಒಂದು ದಿನ ಅಲುಗಾಡದೆ ಕುಳಿತು ಹಳೆಯ ಚರ್ಮವನ್ನು ಕಳಚುತ್ತದೆ; ಇದನ್ನೇ ಸಾಕಣೆದಾರರು ಜ್ವರವೆನ್ನುವರು. ಇದನ್ನು ಕೇಳಿದ ಮೇಲೆ ಹುಡುಗ ಅದೇ ಪುಟವನ್ನು ಮತ್ತೊಮ್ಮೆ ತಾನಾಗಿಯೇ ಓದಿದನು. ಈ ಸಲದ ಓದು ನಿಧಾನವಾಗಿತ್ತು, ಆದರೆ ಅದು ನಿಜವಾದ ಓದಾಗಿತ್ತು.

ಹಾಗಾದರೆ ಮನೆಯಲ್ಲಿ ಮಾಡಬೇಕಾದುದೇನು? ಡೊನ್ನಾ ಓಗಲ್ ಎಂಬ ಶಿಕ್ಷಕಿ 1986ರಲ್ಲಿ ಸರಳವಾದ ಕ್ರಮವೊಂದನ್ನು ಸೂಚಿಸಿದರು. ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆಯಬೇಕು. ಓದುವ ಮೊದಲು ‘ನನಗೆ ಗೊತ್ತಿರುವುದು’, ‘ನಾನು ತಿಳಿಯಬೇಕಾದುದು’ ಎಂಬ ಎರಡನ್ನು ಮಗುವೇ ತುಂಬಬೇಕು. ಓದಿದ ಬಳಿಕ ‘ನಾನು ಕಲಿತದ್ದು’ ಎಂಬ ಮೂರನೆಯದನ್ನು ತುಂಬಬೇಕು. ಪ್ರಶ್ನೆ ಹಿಡಿದು ಹೊರಟ ಮಗು ಉತ್ತರವನ್ನು ಹುಡುಕುತ್ತದೆ. ಬರಿದೆ ಅಕ್ಷರಗಳ ಮೇಲೆ ಕಣ್ಣಾಡಿಸುವುದಿಲ್ಲ.

ಇದರೊಡನೆ ಪರಿವಿಡಿಯನ್ನು ನೋಡುವುದನ್ನು ಕಲಿಸಿರಿ. ಇಂತಹ ಪುಸ್ತಕವನ್ನು ಮೊದಲ ಪುಟದಿಂದಲೇ ಓದಬೇಕೆಂಬ ನಿಯಮವಿಲ್ಲ. ಬೇಕಾದ ಭಾಗವನ್ನು ಹುಡುಕಿ ಓದುವುದೂ ಒಂದು ವಿದ್ಯೆ. ಚಿತ್ರವನ್ನೂ ಅದರ ಕೆಳಗಿನ ಬರಹವನ್ನೂ ಬಿಡದೆ ಓದಿಸಿರಿ. ಕಠಿಣ ಪದ ಬಂದರೆ ಒಡನೆಯೇ ಅರ್ಥ ಹೇಳದೆ, ಹಿಂದುಮುಂದಿನ ವಾಕ್ಯಗಳಿಂದ ಊಹಿಸಲು ಬಿಡಿರಿ. ಕೊನೆಗೆ ಪುಸ್ತಕ ಮುಚ್ಚಿಸಿ, ತಿಳಿದದ್ದನ್ನು ಸ್ವಂತ ಮಾತಿನಲ್ಲಿ ಹೇಳಿಸಿರಿ. ದಿನಕ್ಕೆ ಹದಿನೈದು ನಿಮಿಷ ಸಾಕು.

ಕನ್ನಡದಲ್ಲಿ ಇಂತಹ ಪುಸ್ತಕಗಳಿಗೆ ಪರಂಪರೆಯೇ ಇದೆ. ಡಾ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ರಚಿಸಿಕೊಟ್ಟರು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿಯೂ ವಿಷಯ ಪುಸ್ತಕಗಳಿವೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಪುಸ್ತಕಗಳನ್ನು ಉಚಿತವಾಗಿ ಓದಬಹುದು. ಹುಟ್ಟುಹಬ್ಬಕ್ಕೆ ಆಟಿಕೆ ಕೊಡುವ ಕೈ ಇಂತಹ ಒಂದು ಪುಸ್ತಕವನ್ನೂ ಕೊಡಬಾರದೇಕೆ?

ಕಥೆಯನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ಹೃದಯವನ್ನು ಬೆಳೆಸುತ್ತದೆ; ಅದರ ಸ್ಥಾನ ಅದಕ್ಕಿರಲಿ. ಆದರೆ ಮುಂದೆ ವಿಜ್ಞಾನ, ಚರಿತ್ರೆಗಳನ್ನು ಮಾತ್ರವಲ್ಲ, ಔಷಧದ ಚೀಟಿಯನ್ನೂ ಸಾಲದ ಪತ್ರವನ್ನೂ ತಿಳಿದು ಓದಬೇಕಾದವರು ಈ ಮಕ್ಕಳೇ ಅಲ್ಲವೇ?

ಮೊನ್ನೆ ಮೊಮ್ಮಗ ಎರಡನೆಯ ಅಂಕಣದಲ್ಲಿ ಹೀಗೊಂದು ಪ್ರಶ್ನೆ ಬರೆದಿದ್ದನು: ‘ಜ್ವರಕ್ಕೆ ಕೂತ ಹುಳಕ್ಕೆ ನೋವಾಗುತ್ತದೆಯೇ?’ ಪುಸ್ತಕದಲ್ಲಿ ಉತ್ತರವಿರಲಿಲ್ಲ, ಅಜ್ಜಿಗೂ ತಿಳಿದಿರಲಿಲ್ಲ. ‘ಇನ್ನೊಂದು ಪುಸ್ತಕ ಬೇಕು ತಾತ’ ಎಂದನು. ತನ್ನನ್ನು ದಡ್ಡನೆಂದುಕೊಂಡಿದ್ದ ಮಗುವಿನ ಬಾಯಲ್ಲಿ ಆ ಮಾತು ಕೇಳಿ ನನಗಾದ ಸಂತೋಷ, ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ನಿಮಗೆ ದೊರೆಯಲಿ.