ವಿಸ್ಮಯವೆಂಬ ಅತಿಚಾರ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಈ ವ್ರತಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಲಾಭದ ಆಸೆಯಿಂದ ಎತ್ತು ಮೊದಲಾದವುಗಳನ್ನು ಶಕ್ತಿಮೀರಿ ದೂರ ನಡೆಸುವುದೇ ಅತಿವಾಹನವೆಂದು ಪ್ರಾಚೀನರ ವಿವರಣೆ; ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದೆಂದು ಇಂದು ಹಲವರು ಅರ್ಥೈಸುತ್ತಾರೆ. ಸಂಗ್ರಹ ಮತ್ತು ಲೋಭಗಳನ್ನು ಕುರಿತು ಬಸದಿಗಳ ಉಪನ್ಯಾಸಗಳಲ್ಲಿ ಬೇಕಾದಷ್ಟು ಕೇಳಿಬರುತ್ತದೆ. ನಡುವಿನ ವಿಸ್ಮಯವನ್ನು ಮಾತ್ರ ಉಪನ್ಯಾಸಕರು ಹೆಸರು ಹೇಳಿ ದಾಟಿಬಿಡುತ್ತಾರೆ. ಇತರರ ಸಂಪತ್ತನ್ನು, ಲಾಭವನ್ನು ಕಂಡು ಅತಿಯಾಗಿ ಬೆರಗಾಗುವುದು ವಿಸ್ಮಯ. ಉಳಿದ ನಾಲ್ಕು ದೋಷಗಳು ಇದ್ದವನಿಗೆ ಸಂಬಂಧಿಸಿದವು; ಇದೊಂದು ನೋಡುವವನಿಗೆ ಸಂಬಂಧಿಸಿದ್ದು. ಸಭೆಯಲ್ಲಿ ಕುಳಿತವರೆಲ್ಲರೂ ನೋಡುವವರೇ ಆದ್ದರಿಂದ ಇದು ಯಾರಿಗೂ ರುಚಿಸದಿರುವುದು ಸಹಜ.

ಈ ದೋಷದ ಸ್ವರೂಪವನ್ನು ತಿಳಿಯಲು ಭಾರತದಲ್ಲಿಯೇ ತಯಾರಾದ ಒಂದು ಕಾರಿನ ಉದಾಹರಣೆ ಸಾಕು. 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಇಬ್ಬರೇ ಕೂರಬಹುದಾದ, ಮೇಲ್ಛಾವಣಿಯನ್ನು ತೆಗೆಯಬಹುದಾದ ಕಿರುಗಾತ್ರದ ಕಾರೊಂದು ಮಾರುಕಟ್ಟೆಗೆ ಬಂದಿತು. ಅದನ್ನು ಹೊರತಂದದ್ದು ಬೆಂಗಳೂರಿನಲ್ಲಿ ರೈಲು ಎಂಜಿನುಗಳನ್ನು ತಯಾರಿಸುತ್ತಿದ್ದ ಸ್ಯಾನ್ ಬಳಗ. ಕಾರು ಸಿದ್ಧವಾಗುತ್ತಿದ್ದುದು ಗೋವೆಯಲ್ಲಿ. ಮೈಯೆಲ್ಲ ಉಕ್ಕಿನ ತಗಡಲ್ಲ, ಫೈಬರ್‌ಗ್ಲಾಸ್. ಒಳಗಿದ್ದುದು ರೆನೋ ಕಂಪನಿಯ 1149 ಸಿ.ಸಿ.ಯ, ಸುಮಾರು 60 ಅಶ್ವಶಕ್ತಿಯ ಎಂಜಿನ್. ಇಂದು ಮಧ್ಯಮ ವರ್ಗದ ಕುಟುಂಬವೊಂದು ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಕಾರಿಗೂ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಅಂದಿನ ವಿದೇಶೀ ಐಷಾರಾಮಿ ಕಾರುಗಳ ಮುಂದೆ ಇದರ ಬೆಲೆ ಅತ್ಯಲ್ಪ. ಕೊಂಡವರು ಕಡಿಮೆ, ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಉಳಿದಿರುವ ಕೆಲವೇ ಕಾರುಗಳು ಇಂದು ರಸ್ತೆಯಲ್ಲಿ ಕಾಣಿಸುವುದೇ ಅಪರೂಪ.

ಕಾರಿನ ಕಥೆ ಇಷ್ಟೇ. ನಿಜವಾದ ಕಥೆ ಆರಂಭವಾಗುವುದು ಅದು ರಸ್ತೆಗಿಳಿದ ಮೇಲೆ. ನೆಲಕ್ಕೆ ಹತ್ತಿರವಾಗಿ, ಮುಂಭಾಗ ಇಳಿಜಾರಾಗಿರುವ ಕೆಂಪು ಕಾರೊಂದು ಛಾವಣಿ ತೆರೆದುಕೊಂಡು ಬಂದರೆ ಸಾಕು, ಸಿಗ್ನಲಿನಲ್ಲಿ ನಿಂತ ದ್ವಿಚಕ್ರ ವಾಹನದವರು ಬಗ್ಗಿ ನೋಡುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಅಪರಿಚಿತರು ಬಂದು, ಯಾವ ದೇಶದ ಗಾಡಿ, ಎಷ್ಟು ಕೋಟಿ ಎಂದು ಕೇಳುತ್ತಾರೆ. ಗೋವೆಯಲ್ಲಿ ತಯಾರಾದದ್ದು ಎಂದರೆ ಕೆಲವರು ನಂಬುವುದಿಲ್ಲ. ನಂಬಿದವರ ಮುಖದಲ್ಲಿ ನಿರಾಶೆ ಮೂಡುತ್ತದೆ. ಒಂದು ಕ್ಷಣದ ಹಿಂದೆ ಇದ್ದ ಬೆರಗು, ಬೆಲೆ ತಿಳಿದೊಡನೆ ಕರಗಿಹೋಗುತ್ತದೆ. ಕಾರಿನ ಆಕಾರವಾಗಲಿ ಬಣ್ಣವಾಗಲಿ ಆ ಕ್ಷಣದಲ್ಲಿ ಬದಲಾಗಿಲ್ಲ. ಹಾಗಾದರೆ ಅವರು ಬೆರಗಾದದ್ದು ಯಾವುದಕ್ಕೆ? ಕಣ್ಣಿಗೆ ಕಂಡ ವಸ್ತುವಿಗಲ್ಲ, ಕಣ್ಣಿಗೆ ಕಾಣದ ಹಣಕ್ಕೆ. ವಿಸ್ಮಯವನ್ನು ಆಚಾರ್ಯರು ಸೌಂದರ್ಯದ ಆಸ್ವಾದವೆಂದು ಬಗೆಯದೆ ಪರಿಗ್ರಹದ ಅತಿಚಾರಗಳ ಸಾಲಿನಲ್ಲಿ ಏಕೆ ಇರಿಸಿದರೆಂಬುದು ಪೆಟ್ರೋಲ್ ಬಂಕಿನ ಈ ಸಂಭಾಷಣೆಯಿಂದಲೇ ವಿಶದವಾಗುತ್ತದೆ.

ಧರ್ಮಸ್ಥಳದ ವಾಹನ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಮುಂದೆ ನಿಂತು ಬೆರಗಾಗುವ ಬಾಲಕನನ್ನು ಇದರೊಡನೆ ಹೋಲಿಸಬಹುದು. ಅವನು ಚಕ್ರದ ಕಡ್ಡಿಗಳನ್ನು ಎಣಿಸುತ್ತಾನೆ, ಹಿತ್ತಾಳೆಯ ದೀಪಗಳನ್ನು ನೋಡುತ್ತಾನೆ, ಅಪ್ಪನ ಕೈಹಿಡಿದು ಮುಂದಕ್ಕೆ ನಡೆಯುತ್ತಾನೆ. ಅವನ ಬೆರಗು ಮನುಷ್ಯನ ಜಾಣ್ಮೆಗೆ ಸಂದದ್ದು. ಅದನ್ನು ಯಾವ ಆಚಾರ್ಯರೂ ಖಂಡಿಸಲಾರರು.

ಈ ಕಾರು ಬಸದಿಯ ಅಂಗಳಕ್ಕೆ ಬಂದಾಗ ನಡೆಯುವುದು ಇನ್ನೂ ವಿಚಾರಣೀಯವಾಗಿದೆ. ಅಲ್ಲಿ ಪ್ರತಿಕ್ರಿಯೆ ಎರಡು ಬಗೆಯದು. ವಿದೇಶದ ದುಬಾರಿ ಕಾರೆಂದು ಭಾವಿಸಿದವರು ಒಡೆಯನಿಗೆ ಹಿಂದೆಂದೂ ಸಲ್ಲಿಸದ ಜಯ ಜಿನೇಂದ್ರವನ್ನು ಅಂದು ಸಲ್ಲಿಸುತ್ತಾರೆ. ಬೆಲೆ ತಿಳಿದವರು ನಗುತ್ತಾರೆ: ಇಬ್ಬರೇ ಕೂರುವ ಗಾಡಿ, ತಂದೆತಾಯಿಯನ್ನು ಎಲ್ಲಿ ಕೂರಿಸುತ್ತಾನೆ, ಇದು ಬರಿಯ ಷೋಕಿ, ಅಪರಿಗ್ರಹದ ಧರ್ಮದಲ್ಲಿ ಹುಟ್ಟಿ ಹೀಗೇಕೆ ಎನ್ನುತ್ತಾರೆ. ಈ ಮಾತು ಮುಗಿಯುವ ಮೊದಲೇ ಎರಡು ಟನ್ನಿಗೂ ಮೀರಿ ತೂಗುವ, ಏಳು ಆಸನಗಳಿದ್ದೂ ಚಾಲಕ ಮತ್ತು ಒಡೆಯ ಇಬ್ಬರೇ ಬಂದಿರುವ ಭಾರೀ ವಾಹನವೊಂದು ಒಳಗೆ ಬಂದರೆ, ಅದೇ ಜನ ಸರಿದು ದಾರಿ ಬಿಡುತ್ತಾರೆ. ಅದಕ್ಕೆ ಷೋಕಿಯೆಂಬ ಹೆಸರಿಲ್ಲ, ಅದು ಅಂತಸ್ತು. ಹೊಸದಾಗಿದ್ದರೆ ಹೂಮಾಲೆ, ಕುಂಕುಮ, ಆರತಿಯೂ ಉಂಟು. ಸಣ್ಣ ಪರಿಗ್ರಹವನ್ನು ಖಂಡಿಸಿ ದೊಡ್ಡ ಪರಿಗ್ರಹಕ್ಕೆ ಆರತಿಯೆತ್ತುವ ಈ ನ್ಯಾಯ ಯಾವ ಶ್ರಾವಕಾಚಾರದಲ್ಲಿದೆ?

ಇಷ್ಟರಿಂದ ಆ ಕಿರುಗಾತ್ರದ ಕಾರಿನ ಒಡೆಯನು ನಿರ್ದೋಷಿಯೆಂದು ತಿಳಿಯಬೇಕಾಗಿಲ್ಲ. ಇಂತಹ ವಾಹನಗಳನ್ನು ಇಟ್ಟುಕೊಂಡವರು ತಮ್ಮ ಪರವಾಗಿ ಹೇಳುವ ವಾದಗಳು ಪರೀಕ್ಷೆಗೆ ನಿಲ್ಲುವುದು ಕಷ್ಟ. ಅವುಗಳಲ್ಲಿ ಮೊದಲನೆಯದು ಹಗುರತನದ ವಾದ. ಇಂಗ್ಲೆಂಡಿನ ಲೋಟಸ್ ಕಂಪನಿಯನ್ನು ಕಟ್ಟಿದ ಕಾಲಿನ್ ಚಾಪ್‌ಮನ್, ಕಾರಿಗೆ ಶಕ್ತಿ ಕೂಡಿಸುವುದಕ್ಕಿಂತ ಅದರ ತೂಕ ಕಳೆಯುವುದು ಮೇಲೆಂಬ ತತ್ತ್ವಕ್ಕೆ ಹೆಸರಾದವನು. ಅವನು ತೀರಿಕೊಂಡದ್ದು 1982ರಲ್ಲಿ. ಆ ತತ್ತ್ವದಂತೆ ಅವನ ಕಂಪನಿ 1996ರಲ್ಲಿ ಮಾರಾಟಕ್ಕೆ ತಂದ ಎಲೀಸ್ ಎಂಬ ತೆರೆದ ಕಾರು ಅಲ್ಯೂಮಿನಿಯಮ್ ಚೌಕಟ್ಟಿನಿಂದಾಗಿ ಸುಮಾರು 725 ಕಿಲೋ ಮಾತ್ರ ತೂಗುತ್ತಿತ್ತು. ಬೇಡವಾದುದನ್ನೆಲ್ಲ ಬಿಟ್ಟ ಕಾರು, ಆದ್ದರಿಂದ ಇದೊಂದು ಬಗೆಯ ಅಪರಿಗ್ರಹವೇ ಎಂದು ಹೇಳುವುದು ಕೇಳಲು ಸೊಗಸಾಗಿದೆ. ಆದರೆ ಅಲ್ಲಿ ಭಾರವನ್ನು ಬಿಟ್ಟದ್ದು ವೇಗದ ಲೋಭದಿಂದ. ಒಂದು ಸುಖವನ್ನು ಹೆಚ್ಚಿಸಿಕೊಳ್ಳಲು ಮತ್ತೊಂದನ್ನು ಕಳೆದುಕೊಳ್ಳುವುದು ವ್ಯಾಪಾರ; ಅದನ್ನು ತ್ಯಾಗವೆನ್ನಲಾಗದು. ಆ ತತ್ತ್ವವಾದರೂ ಎಷ್ಟು ಕಾಲ ಉಳಿಯಿತು? ಎಲೀಸ್ ಕಾರಿನ ತಯಾರಿಕೆ 2021ರಲ್ಲಿ ಮುಗಿಯಿತು. ಅದೇ ಲೋಟಸ್ 2023ರಲ್ಲಿ ಭಾರತದ ಮಾರುಕಟ್ಟೆಗೆ ಕಾಲಿಟ್ಟಾಗ ತಂದದ್ದು ಸುಮಾರು ಎರಡೂವರೆ ಟನ್ ತೂಗುವ, ಎರಡೂವರೆ ಕೋಟಿ ರೂಪಾಯಿಗೂ ಮೀರಿದ ವಿದ್ಯುತ್ ವಾಹನವನ್ನು. ಕೊಳ್ಳುವವನ ಕಣ್ಣು ಎತ್ತ ಹೊರಳಿತೋ ಮಾರುವವನ ತತ್ತ್ವವೂ ಅತ್ತ ಹೊರಳಿತು.

ಇನ್ನೊಂದು ವಾದ ಜೈನರಿಗೆ ಬಹಳ ಪ್ರಿಯವಾದದ್ದು. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ ಎಂದು ಉಮಾಸ್ವಾಮಿಗಳೇ ತತ್ತ್ವಾರ್ಥಸೂತ್ರದಲ್ಲಿ ಹೇಳಿರುವರಲ್ಲ. ಭರತ ಚಕ್ರವರ್ತಿಯು ಷಟ್ಖಂಡವನ್ನಾಳುತ್ತಲೂ ನಿರ್ಲಿಪ್ತನಾಗಿದ್ದನಲ್ಲ. ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ಭರತೇಶ ವೈಭವವನ್ನು ಬರೆದದ್ದು ಭೋಗದ ನಡುವೆ ಯೋಗ ಸಾಧ್ಯವೆಂದು ತೋರಲೆಂದೇ ಅಲ್ಲವೆ? ಮನೆಯ ಮುಂದೆ ಎರಡನೆಯ ಕಾರು ನಿಂತ ದಿನದಿಂದ ಭರತನ ನೆನಪು ಬರುವ ಶ್ರಾವಕರು ಕಡಿಮೆಯಿಲ್ಲ. ಭರತನು ಕನ್ನಡಿಯಲ್ಲಿ ಒಂದು ನರೆಗೂದಲನ್ನು ಕಂಡು ಷಟ್ಖಂಡವನ್ನೂ ತೊರೆದು ದೀಕ್ಷೆ ಪಡೆದನೆಂಬ ಪುರಾಣದ ಭಾಗ ಮಾತ್ರ ಅವರಿಗೆ ನೆನಪಾಗುವುದಿಲ್ಲ. ವಾಹನದ ಕನ್ನಡಿಯಲ್ಲಿ ಹಿಂದಿನಿಂದ ಯಾರು ನೋಡುತ್ತಿದ್ದಾರೆಂದು ಪರೀಕ್ಷಿಸುತ್ತ ಹೋಗುವವನಿಗೂ ಆ ಕನ್ನಡಿಗೂ ಏನು ಸಂಬಂಧ? ಮೂರ್ಛೆಯೇ ಪರಿಗ್ರಹವೆಂಬ ಮಾತು ವಸ್ತುವುಳ್ಳವನಿಗೆ ರಿಯಾಯಿತಿ ಕೊಡಲು ಹೇಳಿದ್ದಲ್ಲ. ವಸ್ತುವಿಲ್ಲದವನೂ ಅದರ ಬಲೆಯಿಂದ ತಪ್ಪಿಸಿಕೊಳ್ಳದಂತೆ ಆ ಮಾತು ಬಿಗಿಗೊಳಿಸುತ್ತದೆ. ಕಾರಿಲ್ಲದೆಯೂ ಆ ಕಾರಿನಲ್ಲಿ ಮನಸ್ಸಿಟ್ಟವನು ಪರಿಗ್ರಹಿಯೇ.

ಅಪರೂಪವೆಂಬುದರ ಒಳಗುಟ್ಟೂ ಇಲ್ಲಿಯೇ ಇದೆ. ಇದೇ ಲೋಟಸ್ ಕಂಪನಿ 2000ದ ಸುಮಾರಿಗೆ 340ಆರ್ ಎಂಬ ಛಾವಣಿಯೂ ಬಾಗಿಲೂ ಇಲ್ಲದ ಕಾರನ್ನು ತಯಾರಿಸಿತು; ಮಾಡಿದ್ದು ಒಟ್ಟು 340. ಮುನ್ನೂರ ನಲವತ್ತೊಂದನೆಯದನ್ನು ಮಾಡಿದ್ದರೆ ಮೊದಲಿನ ಮುನ್ನೂರ ನಲವತ್ತರ ವೇಗವೇನೂ ಕುಂದುತ್ತಿರಲಿಲ್ಲ. ಆದರೆ ಇತರರಲ್ಲಿ ಇಲ್ಲವೆಂಬುದೇ ಮಾರಾಟದ ಸರಕಾದಾಗ ಸಂಖ್ಯೆಗೆ ಬೇಲಿ ಹಾಕಬೇಕಾಗುತ್ತದೆ. ಅನ್ನ, ಬಟ್ಟೆ, ಮನೆಗಳು ನೆರೆಯವನಿಗೂ ದೊರೆತರೆ ಅವುಗಳ ಬೆಲೆ ಕುಂದದು. ಅಪರೂಪದ ವಸ್ತುವಾದರೋ ನೆರೆಯವನಲ್ಲಿ ಇಲ್ಲದಿರುವುದನ್ನೇ ತನ್ನ ಸಾರವಾಗಿಸಿಕೊಂಡಿರುತ್ತದೆ. ಆದುದರಿಂದ ಅದನ್ನು ಕೊಂಡವನು ಲೋಹವನ್ನೋ ಫೈಬರ್‌ಗ್ಲಾಸನ್ನೋ ಕೊಂಡನೆಂದು ಹೇಳಲಾಗದು; ಅವನು ಕೊಂಡದ್ದು ಇತರರ ಕಣ್ಣುಗಳನ್ನು. ಅಷ್ಟಮದಗಳಲ್ಲಿ ಋದ್ಧಿಮದವೆಂದು ಹೆಸರಿಸಿರುವುದು ಇದನ್ನೇ. ದಿನವೂ ನಿರ್ಜನವಾದ ರಸ್ತೆಯಲ್ಲಿಯೇ ಓಡಿಸಬೇಕೆಂದು ಕಟ್ಟು ಮಾಡಿದರೂ ಆ ಕಾರನ್ನು ಇಟ್ಟುಕೊಳ್ಳುವವರು ಇದ್ದಾರು. ಯಂತ್ರವನ್ನು ಯಂತ್ರವಾಗಿ ಪ್ರೀತಿಸಿ, ಬಿಡಿಭಾಗಗಳಿಗಾಗಿ ಅಲೆದು, ಭಾನುವಾರವೆಲ್ಲ ಕೈಗೆ ಎಣ್ಣೆ ಮೆತ್ತಿಕೊಂಡು ದುರಸ್ತಿ ಮಾಡುವವರು ಅಂಥವರು. ಅವರ ರಾಗ ರಾಗವೇ, ಆದರೆ ಅದರಲ್ಲಿ ಮದ ಕಡಿಮೆ. ಸುಮ್ಮನೆ ವೇಗದ ಸುಖಕ್ಕಾಗಿ ಸುತ್ತುವುದು ಅನರ್ಥದಂಡದೊಳಗಿನ ಪ್ರಮಾದಚರ್ಯೆಯೆಂಬುದನ್ನು, ಮಳೆಗಾಲದ ರಾತ್ರಿ ಮುಂಗಾಜಿಗೆ ಅಪ್ಪಳಿಸಿ ಸತ್ತ ಕೀಟಗಳ ಲೆಕ್ಕವನ್ನು ಅವರೂ ಎದುರಿಸಬೇಕು. ಆ ಲೆಕ್ಕ ದೊಡ್ಡ ವಾಹನದವರಿಗೂ ತಪ್ಪಿದ್ದಲ್ಲ.

ಆದರೆ ಒಡೆಯನು ಕೊಂಡ ಕಣ್ಣುಗಳನ್ನು ಅವನಿಗೆ ಮಾರಿದವರು ಯಾರು? ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದ ಕರ್ಮ ಆಸ್ರವಿಸುತ್ತದೆಂದು ಪಾಠಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಕಾರು ಕೊಂಡವನದು ಕೃತ. ಅವನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದ ಟ್ರಸ್ಟಿನದು ಅನುಮೋದಿತ. ಮುಂದಿನ ವರ್ಷ ಇನ್ನೊಬ್ಬನು ಅದಕ್ಕಿಂತ ದೊಡ್ಡದನ್ನು ಕೊಂಡರೆ ಅಲ್ಲಿ ಟ್ರಸ್ಟಿನ ಪಾಲು ಕಾರಿತಕ್ಕೇರುತ್ತದೆ. ವಧೂವರರ ಮಾತುಕತೆಯಲ್ಲಿ ಹುಡುಗನ ಸ್ವಾಧ್ಯಾಯವನ್ನು ಕೇಳದೆ ಅವನ ವಾಹನವನ್ನು ಕೇಳುವ ಹಿರಿಯರ ಪಾಲೂ ಅಂಥದೇ. ಹಳೆಯ ಸ್ಟಾರ್ಮ್ ಕಾರೊಂದನ್ನು ಅಗ್ಗಕ್ಕೆ ಕೊಂಡು ಸ್ವಂತ ಕೈಯಿಂದ ಸರಿಪಡಿಸಿಕೊಂಡ ಯುವಕನು ಬಸದಿಯ ಅಂಗಳದಲ್ಲಿ ಅಪರಿಗ್ರಹದ ಉಪದೇಶವನ್ನು ಕೇಳಿ, ಅದೇ ಉಪದೇಶಕರು ಭಾರೀ ವಾಹನದ ಬಾಗಿಲು ತೆರೆಯಲು ಧಾವಿಸುವುದನ್ನು ಕಂಡರೆ, ಅವನು ಬಿಡುವುದು ಕಾರನ್ನಲ್ಲ, ಬಸದಿಯನ್ನು. ತರುಣರು ಬಸದಿಗೆ ಬರುತ್ತಿಲ್ಲವೆಂದು ಸಭೆ ಸಭೆಗಳಲ್ಲಿ ಹಲುಬುವವರು ಈ ಒಂದು ಕಾರಣವನ್ನಾದರೂ ಅಂಗಳಕ್ಕೆ ಬಂದು ನೋಡಬಹುದು.

ಟ್ರಸ್ಟಿನ ಪದಾಧಿಕಾರಿಗಳಿಂದ ಬರುವ ಉತ್ತರ ಸಿದ್ಧವಾಗಿಯೇ ಇರುತ್ತದೆ: ದಾನಿಗಳ ಮನಸ್ಸು ನೊಂದರೆ ಜೀರ್ಣೋದ್ಧಾರ ನಿಲ್ಲುತ್ತದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಅಭಿಷೇಕದ ಹಾಲಿಗೆ, ಪೂಜೆಯ ಹೂವಿಗೆ ಬಿಟ್ಟ ಸಣ್ಣ ಸಣ್ಣ ದತ್ತಿಗಳೂ ಕಲ್ಲಿನ ಮೇಲೆ ದಾಖಲಾಗಿವೆ. ಚಾವುಂಡರಾಯನ ಕೊಡಗಳಿಂದ ಪೂರ್ಣವಾಗದ ಅಭಿಷೇಕ ಗುಳ್ಳಕಾಯಿಯಷ್ಟು ಹಾಲಿನಿಂದ ಪೂರ್ಣವಾಯಿತೆಂಬ ಐತಿಹ್ಯವನ್ನು ಹೇಳಿಕೊಂಡು, ಗುಳ್ಳಕಾಯಜ್ಜಿಯ ಮೂರ್ತಿಗೆ ಕೈಮುಗಿದು ಬರುವ ಸಮಾಜವೇ ತನ್ನೂರಿನ ಬಸದಿಯಲ್ಲಿ ನಡೆದು ಬಂದ ಅಜ್ಜಿಗೆ ಕಂಬದ ಹಿಂದೆ ಜಾಗ ತೋರಿಸುತ್ತದೆ. ಮುಂದಿನ ಸಾಲಿನ ಕುರ್ಚಿಯಿಲ್ಲದಿದ್ದರೆ ಕೊಡೆನೆನ್ನುವವನ ಹಣವನ್ನು ದಾನವೆಂದು ರಸೀದಿ ಬರೆಯುವುದಕ್ಕಿಂತ ಕುರ್ಚಿಯ ಬಾಡಿಗೆಯೆಂದು ಬರೆಯುವುದು ಲೆಕ್ಕಪತ್ರದ ದೃಷ್ಟಿಯಿಂದಲೂ ಸತ್ಯಾಣುವ್ರತಕ್ಕೆ ಹತ್ತಿರವಾದುದು.

ಮಾಡಬೇಕಾದುದು ಕಷ್ಟವೇನಲ್ಲ. ಬಸದಿಯ ಅಂಗಳದೊಳಗೆ ಯಾವ ವಾಹನವೂ ಬರಬಾರದು. ಇಬ್ಬರು ಕೂರುವ ಕೆಂಪು ಕಾರೂ, ಏಳು ಜನ ಕೂರುವ ಕಪ್ಪು ಕಾರೂ ಪ್ರಾಕಾರದ ಹೊರಗೇ ನಿಲ್ಲಲಿ. ಹೊಸ ವಾಹನಗಳಿಗೆ ಆರತಿಯೆತ್ತುವುದನ್ನು ಅರ್ಚಕರಿಗೆ ಹೇಳಿ ನಿಲ್ಲಿಸಬೇಕು. ಉತ್ಸವಗಳ ಮುಂದಿನ ಸಾಲು ವ್ರತಿಗಳಿಗೆ, ವೃದ್ಧರಿಗೆ, ಪಾಠಶಾಲೆಯ ಮಕ್ಕಳಿಗೆ ಮೀಸಲಾಗಲಿ. ಅಶಕ್ತರು ಹೊರಗಿನಿಂದ ನಡೆದು ಬರುವುದು ಹೇಗೆಂಬ ಆಕ್ಷೇಪಣೆ ನ್ಯಾಯವಾದುದೇ. ಅವರಿಗಾಗಿ ಬಾಗಿಲಲ್ಲಿ ಎರಡು ಗಾಲಿಕುರ್ಚಿಗಳನ್ನೂ ಅವುಗಳನ್ನು ತಳ್ಳಲು ಸರದಿಯಂತೆ ಇಬ್ಬರು ತರುಣರನ್ನೂ ಇರಿಸಬಹುದು. ಗಾಲಿಕುರ್ಚಿಗಳ ಖರ್ಚು ಯಾವ ಟ್ರಸ್ಟಿಗೂ ಭಾರವಾಗದು. ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಇತರ ವಿಷಯಗಳ ಅಡಿಯಲ್ಲಿ ಸೇರಿಸದೆ, ಲೆಕ್ಕಪತ್ರ ಮಂಡನೆಗೂ ಮೊದಲು, ಸದಸ್ಯರೆಲ್ಲರೂ ಇರುವಾಗಲೇ ಎತ್ತಿಕೊಳ್ಳಬೇಕು.