ಲಾಯದಲ್ಲಿ ಕಟ್ಟಿಹಾಕಿದ ಕುದುರೆ

ಮೊನ್ನೆ ಭಾನುವಾರ ಬೆಳಿಗ್ಗೆ ಸ್ಕೈಲೈನ್ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಮನೆಯಿಂದ ಫ್ಲಾಸ್ಕಿನಲ್ಲಿ ತಂದ ಕಾಫಿ ಕುಡೀತಾ ನಿಂತಿದ್ದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರೋರಿಗೆ ಈ ರಸ್ತೆ ಗೊತ್ತಿರುತ್ತೆ. ರಜಾದಿನ ಬಂತೆಂದರೆ ಬೈಕಿನವರದ್ದೂ ಹಳೇ ಕಾರಿನವರದ್ದೂ ಅಲ್ಲಿ ಜಾತ್ರೆ. ಒಬ್ಬ ಹಿರಿಯರು ನನ್ನ ಕಾರಿಗೆ ಎರಡು ಪ್ರದಕ್ಷಿಣೆ ಹಾಕಿದರು, ಕಿಟಕಿಯಿಂದ ಇಣುಕಿ ಓಡೋಮೀಟರ್ ನೋಡಿದರು, ಆಮೇಲೆ ಸಾವಿನ ಮನೆಗೆ ಬಂದವರ ದನಿಯಲ್ಲಿ, "ಛೆ, ಇಷ್ಟೊಂದು ಓಡಿಸಿಬಿಟ್ಟಿದ್ದೀರಲ್ಲ!" ಅನ್ನೋ ಅರ್ಥದ ಮಾತಾಡಿದರು. ಅರವತ್ತೊಂದು ಸಾವಿರ ಮೈಲಿ. ಹದಿನೈದು ಸಾವಿರ ಇದ್ದಿದ್ದರೆ ಈಗಲೇ ಚೆಕ್ ಬರೆದುಕೊಡುತ್ತಿದ್ದರಂತೆ.

ಅಲ್ಲಿ ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ, ಅದಕ್ಕೇ ಇದು.

ಕಾರು 1987ರ ಫೆರಾರಿ 328 ಜಿಟಿಎಸ್. ಕೂಡಲೇ "ಓಹೋ, ಸಾಹುಕಾರ" ಅಂದುಕೊಳ್ಳಬೇಡಿ. 2011ರಲ್ಲಿ ನಾನು ಕೊಂಡಾಗ ಇದು ಒಂದು ಒಳ್ಳೆಯ ಹೊಸ ಜರ್ಮನ್ ಸೆಡಾನಿನ ಬೆಲೆಗೆ ಸಿಗುತ್ತಿತ್ತು. ನನ್ನ ಆಫೀಸಿನವರು ಆ ಸೆಡಾನು ಕೊಂಡರು, ನಾನು ಇದನ್ನು ಕೊಂಡೆ, ಅಷ್ಟೇ. ಕೊಳ್ಳೋವಾಗ ನಾನೂ ಆ ಹಿರಿಯರ ಹಾಗೇ ಯೋಚಿಸಿದ್ದೆ ಅನ್ನೋದು ಬೇರೆ ವಿಷಯ. ಮೂರು ಕಾರು ನೋಡಿದ್ದೆ. ಒಂದು ಐವತ್ತು ಸಾವಿರ ಮೈಲಿ ಓಡಿದ್ದು, ಅದರ ಜೊತೆ ದಪ್ಪನೆಯ ಫೈಲು, ಪ್ರತಿ ರಿಪೇರಿಯ ರಸೀದಿ. ಇನ್ನೊಂದು ಸಾಧಾರಣ. ಮೂರನೆಯದು ಕೇವಲ ಹದಿನಾಲ್ಕು ಸಾವಿರ ಮೈಲಿ, ಮದುಮಗಳ ಹಾಗೆ ಹೊಳೀತಿತ್ತು. ಕಂಪ್ರೆಷನ್ ಟೆಸ್ಟು, ಲೀಕ್‌ಡೌನ್ ಟೆಸ್ಟು ಯಾವುದನ್ನೂ ಮಾಡಿಸದೆ ಆ ಮದುಮಗಳನ್ನೇ ಮನೆ ತುಂಬಿಸಿಕೊಂಡೆ.

ಆಮೇಲೆ ಒಂದು ವರ್ಷ ಏನೇನಾಯ್ತು ಕೇಳಿ. ಮೊದಲ ವಾರ ಪೆಟ್ರೋಲ್ ವಾಸನೆ. ನೋಡಿದರೆ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪು ಒಣಗಿ ಬಿರುಕುಬಿಟ್ಟಿದೆ, ಬಿಸಿ ಇಂಜಿನ್ ಪಕ್ಕದಲ್ಲೇ! ಆಮೇಲೆ ಬ್ರೇಕಿನ ಕ್ಯಾಲಿಪರ್ ತುಕ್ಕು ಹಿಡಿದು ಕಚ್ಚಿಕೊಂಡಿತು. ಆಯಿಲ್ ಸೀಲುಗಳು ಒಂದಾದ ಮೇಲೊಂದು ಸೋರಿದವು. ಫ್ಯೂಸ್ ಬಾಕ್ಸು ಬಿಸಿಯಾಗಿ ಕರಗಲು ಶುರುವಾಯ್ತು (ಇದು ಮಾತ್ರ ಈ ಮಾದರಿಗೆ ಹುಟ್ಟುಗುಣ, ಓಡಿಸಿದರೂ ಬರುತ್ತೆ, ಓಡಿಸದಿದ್ದರೂ ಬರುತ್ತೆ). ಮೆಕ್ಯಾನಿಕ್ಕು ಟೈರಿನ ಪಕ್ಕ ಮಂಡಿಯೂರಿ ಕೂತು ನನ್ನನ್ನು ಕರೆದ. ಟೈರಿನ ಮೇಲೆ ಅದು ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿ ಅಚ್ಚಾಗಿರುತ್ತೆ. 2319 ಅಂದರೆ 2019ರ 23ನೇ ವಾರ. ನನ್ನ ಟೈರಿನ ಮೇಲೆ ಇದ್ದದ್ದು ಮೂರೇ ಅಂಕಿ. ಮೂರಂಕಿಯ ಪದ್ಧತಿ 2000ಕ್ಕೆ ಮುಗಿದುಹೋಗಿತ್ತು. ಹನ್ನೆರಡು ವರ್ಷವಾದರೂ ಆಗಿದ್ದ ಟೈರು, ಗೀರುಗಳು ಮಾತ್ರ ಹೊಸದರಂತೆ ಆಳವಾಗಿದ್ದವು, ರಬ್ಬರು ಕೊಬ್ಬರಿ ಚಿಪ್ಪಿನಷ್ಟು ಗಟ್ಟಿ.

ಇದು ತಮಾಷೆಯ ವಿಷಯವಲ್ಲ. 2013ರ ನವೆಂಬರಿನಲ್ಲಿ ಇದೇ ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಸತ್ತ ಅಪಘಾತ ನಿಮಗೆ ನೆನಪಿರಬಹುದು. ಪೋರ್ಷೆ ಕರೇರಾ ಜಿಟಿ ಕಾರು. ತನಿಖೆಯಲ್ಲಿ ಕಂಡುಬಂದ ಮೊದಲ ಕಾರಣ ಅತಿವೇಗ; ಅದರ ಜೊತೆಗೆ ಹೇಳಿದ್ದು ಒಂಬತ್ತು ವರ್ಷ ಹಳೆಯ ಟೈರು. ಸವೆದದ್ದಲ್ಲ, ಹಳೆಯದು. ನಾನು ಅವತ್ತು ಆ ಸುದ್ದಿ ಓದಿ ನನ್ನ ಮೂರಂಕಿಯ ಟೈರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೈವೇಯಲ್ಲಿ ಮನೆಗೆ ಬಂದಿದ್ದನ್ನು ನೆನೆಸಿಕೊಂಡು ಸ್ವಲ್ಪ ಹೊತ್ತು ಕೂತೇ ಇದ್ದೆ.

ಇನ್ನು ಟೈಮಿಂಗ್ ಬೆಲ್ಟು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಕಾರುಗಳ ಬಗ್ಗೆ ಜಗಳ ಶುರುವಾಗೋದೇ ಇಲ್ಲಿಂದ. 328ರದ್ದು ಎಂಟು ಸಿಲಿಂಡರಿನ, 3.2 ಲೀಟರಿನ ಇಂಜಿನ್, ಅಡ್ಡಡ್ಡ ಕೂತಿದೆ, ಸೀಟಿನ ಹಿಂದೆಯೇ. ಮೂವತ್ತೆರಡು ವಾಲ್ವು, ನಾಲ್ಕು ಕ್ಯಾಮ್‌ಶಾಫ್ಟು. ಇವನ್ನೆಲ್ಲ ತಿರುಗಿಸೋದು ಎರಡು ಹಲ್ಲಿನ ರಬ್ಬರ್ ಬೆಲ್ಟು. ಬೆಲ್ಟು ಹರಿಯಿತೋ, ವಾಲ್ವು ತೆರೆದ ಬಾಯಿ ತೆರೆದಂತೇ ನಿಲ್ಲುತ್ತೆ, ಕೆಳಗಿಂದ ಪಿಸ್ಟನ್ ಬಂದು ಗುದ್ದುತ್ತೆ. ಒಂದು ಸೆಕೆಂಡಿನ ಕೆಲಸ, ಇಂಜಿನ್ನು ಬಿಚ್ಚದೆ ವಿಧಿಯಿಲ್ಲ. ಆ ಬೆಲ್ಟಿಗೆ ಮೈಲಿ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಮಾತ್ರ ಗೊತ್ತು. ಗರಾಜಿನಲ್ಲಿ ನಿಂತೇ ಇದ್ದರೂ ರಬ್ಬರ್ ಒಣಗುತ್ತೆ, ಮಡಿಸಿದ ಜಾಗದಲ್ಲೇ ವರ್ಷಗಟ್ಟಲೆ ಮಡಿಸಿಕೊಂಡು ಕೂತು ಗೂನಾಗುತ್ತೆ. ನಾನು ಐದು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ, ಜೊತೆಗೆ ಅದನ್ನು ಬಿಗಿಹಿಡಿಯುವ ಬೇರಿಂಗುಗಳನ್ನೂ. 328ರಲ್ಲಿ ಬಲಗಡೆ ಹಿಂದಿನ ಚಕ್ರದ ಹೊಂಡದ ಕಡೆಯಿಂದ ಕೈಹಾಕಿ ಮಾಡಬಹುದು, ಅದೇ ಪುಣ್ಯ. ಇದಾದ ಮೇಲೆ ಬಂದ 348, ಎಫ್355ಗಳಲ್ಲಿ ಈ ಕೆಲಸಕ್ಕೆ ಇಂಜಿನ್ನನ್ನೇ ಹೊರಗೆ ತೆಗೆಯುತ್ತಾರೆ, ಬಿಲ್ಲು ನೋಡಿದರೆ ಮಾಲೀಕನ ಇಂಜಿನ್ನೂ ಹೊರಗೆ ಬರುತ್ತೆ :-)

ಹೀಗಾಗಿ ವರ್ಷಕ್ಕೆ ಇನ್ನೂರು ಮೈಲಿ ಓಡಿಸೋನಿಗೂ ಐದು ಸಾವಿರ ಓಡಿಸೋನಿಗೂ ಬೆಲ್ಟಿನ ಖರ್ಚು ಒಂದೇ. "ಓಡಿಸೋದಿಲ್ಲ, ಅದಕ್ಕೇ ರಿಪೇರಿ ಮಾಡಿಸಿಲ್ಲ" ಅನ್ನೋ ಮಾಲೀಕನ ಕಾರೇ ಅತ್ಯಂತ ಅಪಾಯದ ಕಾರು. ಇನ್ನೊಂದು ಜಾತಿಯವರಿದ್ದಾರೆ, ಎರಡು ವಾರಕ್ಕೊಮ್ಮೆ ಗರಾಜಿನಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಗುರ್ ಅನ್ನಿಸಿ ಆಫ್ ಮಾಡೋರು. ಅದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಆಯಿಲ್ ಪೂರ್ತಿ ಕಾಯೋದಿಲ್ಲ, ನೀರಿನ ಪಸೆ ಆಯಿಲ್ಲಿನಲ್ಲೂ ಸೈಲೆನ್ಸರಿನಲ್ಲೂ ಉಳಿದು ಒಳಗೊಳಗೇ ತಿನ್ನುತ್ತೆ. ಅದರ ಬದಲು ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿ ಸುಮ್ಮನಿದ್ದರೆ ವಾಸಿ. ಆಚೆ ತೆಗೆದರೆ ಅರ್ಧ ಗಂಟೆಯಾದರೂ ಓಡಿಸಬೇಕು.

ಓಡಿಸೋದರ ಸುಖ ಏನು ಅಂತ ಕೇಳ್ತೀರಾ? ವೇಗ ಅಲ್ಲ. ನಿಜ ಹೇಳಬೇಕಂದರೆ ಪಕ್ಕದ ಮನೆಯವರು ಮಕ್ಕಳನ್ನು ಸ್ಕೂಲಿಗೆ ಬಿಡೋ ಟೆಸ್ಲಾ ಇದನ್ನು ಸಿಗ್ನಲ್ಲಿನಲ್ಲೇ ಹಿಂದೆ ಹಾಕುತ್ತೆ. ಸುಖ ಬೇರೆ ಥರದ್ದು. ಬೆಳಿಗ್ಗೆ ಹೊರಟಾಗ ಗೇರ್ ಬಾಕ್ಸಿನ ಎಣ್ಣೆ ತಣ್ಣಗಿರುತ್ತೆ, ಎರಡನೇ ಗೇರು ಬೀಳೋದಿಲ್ಲ. ಕಾಫಿ ಕುಡಿಯೋವರೆಗೂ ಯಾರ ಜೊತೇನೂ ಮಾತಾಡದ ನಮ್ಮಜ್ಜನ ಹಾಗೆ. ಒತ್ತಾಯ ಮಾಡಬಾರದು, ಒಂದರಿಂದ ನೇರ ಮೂರಕ್ಕೆ ಹೋಗಬೇಕು. ಸಾರಟೋಗಾ ದಾಟಿ ಹೈವೇ 9ರ ಏರು ಶುರುವಾಗೋ ಹೊತ್ತಿಗೆ ಎಣ್ಣೆ ಕಾದಿರುತ್ತೆ. ಆಗ ಎರಡಕ್ಕೆ ತಳ್ಳಿದರೆ ಗೇರಿನ ಕೋಲು ಸ್ಟೀಲ್ ತಟ್ಟೆಯ ಸೀಳಿಗೆ ಟಣ್ ಅಂತ ತಾಗಿ ಬೀಳುತ್ತೆ. ಪವರ್ ಸ್ಟೀರಿಂಗ್ ಇಲ್ಲ, ರಸ್ತೆಯ ಪ್ರತಿ ಗುಂಡಿಯ ಸಮಾಚಾರ ಅಂಗೈಗೆ ಬರುತ್ತೆ. ತಲೆಯ ಮೇಲಿನ ತಗಡು ತೆಗೆದಿದ್ದರೆ ರೆಡ್‌ವುಡ್ ಮರಗಳ ತಣ್ಣನೆ ವಾಸನೆ, ಬೆನ್ನ ಹಿಂದೆ ಇಂಜಿನ್ನಿನ ಹಾಡು. ಗಂಟೆಗೆ ನಲವತ್ತೇ ಮೈಲಿ, ಆದರೂ ಮನೆಗೆ ಬರೋವಾಗ ಆಫೀಸಿನ ಹೆಸರೇ ಮರೆತಿರುತ್ತೆ.

"ಹೂಡಿಕೆ" ಅನ್ನೋರು ಇದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ, ಮಾರುಕಟ್ಟೆ ಓಡಿಸದವನಿಗೇ ಬಹುಮಾನ ಕೊಡುತ್ತೆ. ಆದರೆ 328ಗಳು ತಯಾರಾಗಿದ್ದು ಏಳು ಸಾವಿರಕ್ಕೂ ಹೆಚ್ಚು. ಇದೇ ಫೆರಾರಿಯ 250 ಜಿಟಿಒ ಇದ್ದದ್ದು ಮೂವತ್ತಾರೇ. 2018ರಲ್ಲಿ ಅದರಲ್ಲೊಂದು ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯ್ತು. ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಮರ್ ನಿಕ್ ಮೇಸನ್ ಹತ್ತಿರವೂ ಒಂದಿದೆ, ಅವರು ಅದನ್ನು ರೇಸಿಗೇ ಇಳಿಸಿದ್ದಾರೆ! ನಾನು ನನ್ನದಕ್ಕೆ ಬಟ್ಟೆ ಹೊದಿಸಿ ಕಾವಲು ಕೂರಬೇಕಂತೆ.

ನನ್ನವಳು ಇದನ್ನೆಲ್ಲ ಒಪ್ಪೋದಿಲ್ಲ ಅಂತಲೂ ಬರೀಬೇಕು. ಕಳೆದ ಸಲ ಬೆಲ್ಟು, ವಾಟರ್ ಪಂಪು ಎಲ್ಲ ಸೇರಿ ಆರು ಸಾವಿರ ಡಾಲರಿನ ಹತ್ತಿರ ಬಂದಾಗ, "ರೀ, ಇದು ಮಗಳ ಕಾಲೇಜಿನ ದುಡ್ಡು ಅಂತ ಅನ್ನಿಸಲ್ವಾ ನಿಮಗೆ?" ಅಂದಳು. ಅನ್ನಿಸುತ್ತೆ. ಉತ್ತರ ಇಲ್ಲ. ನಿಲ್ಲಿಸಿ ಇಟ್ಟರೆ ಆ ದುಡ್ಡು ಉಳಿಯೋದಿಲ್ಲ ಅಂತಷ್ಟೇ ಹೇಳಬಲ್ಲೆ; ಉಳಿಸಬೇಕಂದರೆ ಮಾರಬೇಕು. ಅದೂ ಸರಿಯಾದ ದಾರಿಯೇ.

ನಿಲ್ಲಿಸಿ ಇಡೋದರ ಬಗ್ಗೆ ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ಆ ಪಾಪ ನಾನೇ ಒಮ್ಮೆ ಮಾಡಿದ್ದೇನೆ. ಮೈಸೂರಿನಲ್ಲಿ ಅಪ್ಪನ ಹತ್ತಿರ 1979ರ ಪ್ರೀಮಿಯರ್ ಪದ್ಮಿನಿ ಇತ್ತು, ನಮ್ಮ ಬಾಯಲ್ಲಿ ಫಿಯಟ್ಟು. (ಫೆರಾರಿಯ ಅರ್ಧ ಪಾಲನ್ನು 1969ರಲ್ಲಿ ಕೊಂಡದ್ದೂ ಫಿಯಟ್ಟೇ, ಹಾಗಾಗಿ ಇವೆರಡೂ ದೂರದ ನೆಂಟರು.) ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣಿಟ್ಟು ಮೊದಲ ಸುತ್ತು ಅಪ್ಪ, ಎರಡನೇ ಸುತ್ತು ನಾನು. 2003ರಲ್ಲಿ ಅಪ್ಪನಿಗೆ ಕಣ್ಣು ಮಂದವಾಯ್ತು. ಪಕ್ಕದ ಬೀದಿಯ ಹುಡುಗ ಕೊಂಡುಕೊಳ್ತೀನಿ, ದಿನಾ ಓಡಿಸ್ತೀನಿ ಅಂದ. ನಾನು ಇಲ್ಲಿಂದ ಫೋನಿನಲ್ಲಿ, "ಬೇಡಪ್ಪ, ಯಾರಿಗೂ ಮುಟ್ಟಕ್ಕೆ ಕೊಡ್ಬೇಡಿ, ನಾನು ಬಂದು ಓಡಿಸ್ತೀನಿ" ಅಂದೆ. ಅಪ್ಪ ಟಾರ್ಪಾಲು ಹೊದಿಸಿದರು. ನಾನು ಹೋಗಿದ್ದು 2008ರಲ್ಲಿ. ಟಾರ್ಪಾಲು ತೆಗೆದರೆ ಬ್ರೇಕು ಕಚ್ಚಿಕೊಂಡಿದೆ, ಟ್ಯಾಂಕು ತೂತು, ವೈರೆಲ್ಲ ಇಲಿ ತಿಂದಿದೆ, ಹಿಂದಿನ ಸೀಟಿನಲ್ಲಿ ಅದರ ಮರಿಗಳು. ಗುಜರಿಯವನು ತೂಕದ ಲೆಕ್ಕದಲ್ಲಿ ದುಡ್ಡು ಕೊಟ್ಟ. ಅಪ್ಪ ಹೊರಗೆ ಬರಲಿಲ್ಲ.

2014ರಲ್ಲಿ ಅಪ್ಪ ಇಲ್ಲಿಗೆ ಬಂದಾಗ ಈ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಫೆರಾರಿ ಅಂದರೆ ಏನು ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮನೆಯ ಬೀದಿ ದಾಟುತ್ತಿದ್ದಂತೆ, "ಏನೋ, ಸೆಕೆಂಡ್ ಗೇರೇ ಬೀಳ್ತಿಲ್ವಲ್ಲ, ಎಣ್ಣೆ ಬದಲಾಯ್ಸಿದ್ಯಾ?" ಅಂದರು. ಬೆಟ್ಟ ಹತ್ತಿ ಇಳಿದು ವಾಪಸ್ ಬಂದ ಮೇಲೆ ಹಿಂದುಗಡೆ ಹೋಗಿ ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು. "ವಾರಾ ವಾರಾ ತೆಗೀತೀಯಾ?" ಅಂತ ಕೇಳಿದರು. ತೆಗೀತೀನಪ್ಪ ಅಂದೆ.

ಬರುವ ಮಾರ್ಚಿಗೆ ಬೆಲ್ಟಿಗೆ ಮತ್ತೆ ಐದು ವರ್ಷ ತುಂಬುತ್ತೆ, ದುಡ್ಡು ಎತ್ತಿಟ್ಟಾಗಿದೆ. ಅಷ್ಟರೊಳಗೆ ಸಮುದ್ರದ ಪಕ್ಕದ ಹೈವೇ 1ರಲ್ಲಿ ಮೆಂಡೊಸಿನೊವರೆಗೆ ಒಮ್ಮೆ ಹೋಗಿಬರಬೇಕು ಅಂತಿದೆ. ಈ ಕಡೆ ಬಂದರೆ ಒಂದು ಮಾತು ಹೇಳಿ, ನಿಮ್ಮನ್ನೂ ಒಂದು ಸುತ್ತು ಕರೆದುಕೊಂಡು ಹೋಗ್ತೀನಿ. ಒಬ್ಬೊಬ್ಬರಾಗಿ ಬನ್ನಿ, ಇರೋದು ಎರಡೇ ಸೀಟು :-)